ನಗೆ, ನಾದ ಮತ್ತು ನಮ್ಮೊಳಗಿನ ಭಯ

ಮಠದ ಅನ್ನ, ಮಠದ ಅಕ್ಷರ ಎರಡರಿಂದಲೂ ಬೆಳೆದ ನಮಗೆ ಸಿನಿಮಾದ ಗೊಡವೆಯೇಕೆಂದು ಶರಣಬಂಧುಗಳು ಹುಬ್ಬೇರಿಸಬಹುದು. ಅರವತ್ತಾರರ ಈ ವಯಸ್ಸಿನಲ್ಲಿ ಮರೆಮಾಚುವುದೇನಿದೆ? ನಾವು ಬಾಲ್ಯದಿಂದಲೂ ಚಲನಚಿತ್ರದ ಅಭಿಮಾನಿಗಳು.

ತುಮಕೂರು ಸೀಮೆಯ ನಮ್ಮೂರ ಜಾತ್ರೆಯ ಟೆಂಟಿನಲ್ಲಿ 1954ರ 'ಬೇಡರ ಕಣ್ಣಪ್ಪ'ವನ್ನು ಕಂಡೆವು. ಪುರಾತನರಲ್ಲೊಬ್ಬನಾದ ಕಣ್ಣಪ್ಪನ ಕಥೆಯಾದುದರಿಂದ ಹಿರಿಯರು ಅಡ್ಡಿಪಡಿಸಲಿಲ್ಲ. ಭಕ್ತಿಗೆಂದು ಹೋದ ನಾವು ನರಸಿಂಹರಾಜು ಅವರ ಉಬ್ಬುಹಲ್ಲಿನ ನಗೆಗೆ ಸೋತು ಮರಳಿದೆವು. 1923ರಲ್ಲಿ ತಿಪಟೂರಿನಲ್ಲಿ ಜನಿಸಿ, ನಾಟಕ ಕಂಪನಿಗಳಲ್ಲಿ ಪಳಗಿದ ಆ ನಟ ಜನರನ್ನು ನಗಿಸಲು ಯಾರನ್ನೂ ನೋಯಿಸಬೇಕಾಗಿರಲಿಲ್ಲ, ತಮ್ಮನ್ನೇ ಹಾಸ್ಯಕ್ಕೊಡ್ಡಿಕೊಳ್ಳುತ್ತಿದ್ದರು. ಬಾಲಕೃಷ್ಣ ಅವರಂತೂ ಕಿವಿ ಕೇಳಿಸದಿದ್ದರೂ ಎದುರಿನವರ ತುಟಿಯ ಚಲನೆ ನೋಡಿ ಸರಿಯಾದ ಸಮಯಕ್ಕೆ ಮಾತು ಒಪ್ಪಿಸುತ್ತಿದ್ದರು. ಇಂದಿನ ದೂರದರ್ಶನದ ಹಾಸ್ಯದಲ್ಲಿ ಪರರ ಬಣ್ಣ, ಮೈಕಟ್ಟುಗಳನ್ನು ಆಡಿಕೊಳ್ಳುವುದೇ ಹೆಚ್ಚಾಗಿರುವುದು ನಮಗೆ ರುಚಿಸದು.

ಸಂಗೀತದಲ್ಲಿ ನಮ್ಮ ಒಲವು ಎರಡು ದಡಗಳದ್ದು. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ವಚನವನ್ನು ಕೇಳಿದಾಗ ಅರ್ಥ ತಾನಾಗಿಯೇ ತೆರೆದುಕೊಳ್ಳುತ್ತದೆ. ಹಾಗೆಂದು ರಾಜನ್-ನಾಗೇಂದ್ರರ ಚಿತ್ರಗೀತೆಗೆ ಕಿವಿ ಮುಚ್ಚಿಕೊಂಡವರೂ ನಾವಲ್ಲ.

ಆ ಸೋದರರೇ ಸಂಗೀತ ನೀಡಿದ 'ನಾ ನಿನ್ನ ಬಿಡಲಾರೆ' 1979ರಲ್ಲಿ ಬಂದಾಗ ನಾವು ಮಠದ ವಿದ್ಯಾರ್ಥಿಗಳು. ಅನಂತನಾಗ್, ಲಕ್ಷ್ಮಿ ಅಭಿನಯದ ಆ ಪ್ರೇತಕಥೆಯನ್ನು ಕದ್ದು ನೋಡಿ, ವಾರವಿಡೀ ರಾತ್ರಿ ಬಾವಿಕಟ್ಟೆಯತ್ತ ಸುಳಿಯಲಿಲ್ಲ. ಮುಂದೆ ಒಂದು ಸಂಗತಿ ಹೊಳೆಯಿತು. ಭಯವಿರುವುದು ಚಿತ್ರದಲ್ಲಲ್ಲ, ಸದ್ದಿನಲ್ಲಿ. ಟೀವಿಯ ಧ್ವನಿಯನ್ನು ಅಡಗಿಸಿ ನೋಡಿರಿ, ಘೋರ ಪ್ರೇತವೂ ವೇಷ ಹಾಕಿದ ನಟಿಯಾಗಿ ಉಳಿಯುತ್ತದೆ.

ಇಷ್ಟು ತಿಳಿದ ನಾವೂ ಒಮ್ಮೆ ಸೋತೆವು. ಈ ಲೇಖನ ಬರೆಯಲು ಕಾರಣವೇ ಅದು.

2004ರಲ್ಲಿ 'ಆಪ್ತಮಿತ್ರ' ಬಂದಿತು. 1993ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್' ಅದರ ಮೂಲ. ಹಾಸ್ಯನಟ ದ್ವಾರಕೀಶ್ ಅವರೇ ನಿರ್ಮಾಪಕರು. ದೆವ್ವವೆಂದು ಎಲ್ಲರೂ ನಡುಗುವುದು ಒಬ್ಬ ಹೆಣ್ಣುಮಗಳ ಮನೋರೋಗವೆಂದು ವಿಷ್ಣುವರ್ಧನ್ ಅಭಿನಯಿಸಿದ ವೈದ್ಯ ಕಂಡುಕೊಳ್ಳುವುದು ಅದರ ತಿರುಳು. ಆದರೆ ತೆರೆಗೆ ಬರುವ ಮೊದಲೇ, ಏಪ್ರಿಲ್ 17ರಂದು, ನಾಯಕಿ ಸೌಂದರ್ಯ ಅವರಿದ್ದ ಲಘುವಿಮಾನ ಜಕ್ಕೂರಿನಿಂದ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿತು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಅಗಲಿದರು. ಅವರ 'ಆಪ್ತರಕ್ಷಕ' 2010ರ ಫೆಬ್ರುವರಿಯಲ್ಲಿ, ಅವರಿಲ್ಲದೆ, ತೆರೆಕಂಡಿತು. ನಾಗವಲ್ಲಿಯ ಶಾಪವಂತೆ ಎಂಬ ಪಿಸುಮಾತು ನಾಗಸಂದ್ರದ ನಮ್ಮ ಬೀದಿಯಲ್ಲೂ ಹರಿದಾಡಿತು.

ಆಗ ನಮ್ಮ ಮನೆಯಾಕೆಗೆ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಆಕೆ ವಿಷ್ಣುವರ್ಧನ್ ಅವರ ಕಡುಅಭಿಮಾನಿ. ಅದಕ್ಕೆ ಮೊದಲು ತಾಯಿಯ ಮನಸ್ಸು ಹಗುರಾಗಲೆಂದು ಮಗಳು ಯಶವಂತಪುರದ ಚಿತ್ರಮಂದಿರಕ್ಕೆ ಟಿಕೆಟ್ ತಂದಳು. ನಾವು ತಡೆದೆವು. "ಆಸ್ಪತ್ರೆಗೆ ಹೋಗುವ ಹೊತ್ತಿನಲ್ಲಿ ಅಂತಹ ಚಿತ್ರ ಬೇಡ" ಎಂದೆವು. ಏಕೆಂದು ಮಗಳು ಕೇಳಿದಾಗ, ಆಯಾಸವಾದೀತೆಂದು ನೆಪ ಹೇಳಿದೆವು. ಹಿಂದಿನ ಸೋಮವಾರವಷ್ಟೇ ಅನುಭಾವ ಗೋಷ್ಠಿಯಲ್ಲಿ, ಇಷ್ಟಲಿಂಗ ಧರಿಸಿದವನಿಗೆ ಶಕುನವೂ ಇಲ್ಲ, ಶಾಪವೂ ಇಲ್ಲವೆಂದು ಒಂದು ಗಂಟೆ ಉಪನ್ಯಾಸ ಮಾಡಿ ಬಂದಿದ್ದವರು ನಾವೇ! ಮನೆಯಾಕೆ ನಮ್ಮ ಮುಖವನ್ನೊಮ್ಮೆ ನೋಡಿ, "ಹೋಗಲಿ ಬಿಡಿ, ಆಮೇಲೆ ನೋಡಿದರಾಯಿತು" ಎಂದಳು. ಆ ಆಮೇಲೆ ಬರಲಿಲ್ಲ. ಮರುವರ್ಷ ಆಕೆ ಲಿಂಗೈಕ್ಯಳಾದಳು.

ಚಿತ್ರ ನೋಡಿದ್ದರೆ ಆಕೆ ಉಳಿಯುತ್ತಿದ್ದಳೆಂದಲ್ಲ, ನೋಡದಿದ್ದುದರಿಂದಲೂ ಉಳಿಯಲಿಲ್ಲ. ಶಾಪವೆಂಬುದು ಸುಳ್ಳೆನ್ನಲು ಬೇರೆ ಸಾಕ್ಷಿ ನಮಗೆ ಬೇಕಿರಲಿಲ್ಲ. ನಮ್ಮ ಭಯದಿಂದ ಆದುದೊಂದೇ: ಆಕೆಯ ಮೂರು ಗಂಟೆಯ ಸಂತೋಷ ತಪ್ಪಿತು. ನುಡಿಯಲ್ಲಿ ಶರಣರಾಗಿ, ನಡೆಯಲ್ಲಿ ಅಂಜುಬುರುಕರಾದುದು ಇಂದಿಗೂ ಮುಳ್ಳಿನಂತೆ ಚುಚ್ಚುತ್ತದೆ.

ಕಳೆದ ಬೇಸಿಗೆಯ ರಜೆಗೆ ಬಂದ ಹನ್ನೆರಡರ ಮೊಮ್ಮಗಳು ಟೀವಿಯಲ್ಲಿ 'ಆಪ್ತರಕ್ಷಕ' ಹಾಕಿದಳು. ಎದ್ದು ಹೋಗಬೇಕೆನಿಸಿತು, ಕುಳಿತೆವು. ವಿಷ್ಣುವರ್ಧನ್ ರಾಜನ ವೇಷದಲ್ಲಿ ಠೀವಿಯಿಂದ ಬಂದಾಗ, ಪಕ್ಕದಲ್ಲಿ ಆಕೆ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೆಂಬ ನೆನಪಾಗಿ ಕಣ್ಣು ತುಂಬಿತು. "ತಾತ, ಹೆದರಿದಿರಾ?" ಎಂದು ಮಗು ನಮ್ಮ ಕೈ ಹಿಡಿಯಿತು.

"ಹೌದಮ್ಮ, ಹಿಂದೊಮ್ಮೆ ಹೆದರಿದ್ದೆವು" ಎಂದು ಇಡೀ ಕಥೆಯನ್ನು ಹೇಳಿದೆವು. ಮಗಳೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಹದಿನೈದು ವರ್ಷಗಳಿಂದ ಅವಳಿಗೆ ಹೇಳದೆ ಉಳಿದ ಉತ್ತರವದು. ಅವಳು ಏನನ್ನೂ ಆಡಲಿಲ್ಲ. ಒಳಗಿನಿಂದ ಮೂರು ಲೋಟ ಕಾಫಿ ತಂದು ನಮ್ಮೊಡನೆ ಕುಳಿತಳು. ಚಿತ್ರವನ್ನು ಕೊನೆಯವರೆಗೂ ನೋಡಿದೆವು.

ಮನೆಯ ಹಿರಿಯರಲ್ಲಿ ನಮ್ಮದೊಂದು ಅರಿಕೆ. ಮಕ್ಕಳಿಗೆ ಯಾವ ಚಿತ್ರ ಬೇಡವೆಂದರೂ ಸರಿ, ನಿಜವಾದ ಕಾರಣ ಹೇಳಿ ಬೇಡವೆನ್ನಿ. ನಮ್ಮ ಅಂಜಿಕೆಗೆ ಅವರ ಆರೋಗ್ಯದ ಹೆಸರಿಡುವುದು ಬೇಡ.