ಲೇತಿಗೆ ಹಾಕಿಸುತ್ತಿದ್ದ ಕಾಲ

"ಮಾಮ, ಎರಡೂ ಬ್ರೇಕ್ ಡಿಸ್ಕ್ ಹೊಸದು ಹಾಕ್ಬೇಕಂತೆ. ಹಳೇದನ್ನೇ ಸರಿ ಮಾಡೋಕಾಗಲ್ವಾ?" ಅಂತ ಅಕ್ಕನ ಮಗ ಕೇಳಿದ. ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್ ನೋಡಿದೆ. ಬೆಲೆ ಇತ್ತು, ಲೇಬರ್ ಇತ್ತು, ತೆರಿಗೆ ಇತ್ತು. ಡಿಸ್ಕ್ ಎಷ್ಟು ಸವೆದಿದೆ ಅನ್ನುವ ಅಳತೆ ಮಾತ್ರ ಎಲ್ಲೂ ಇರಲಿಲ್ಲ.

ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿ ನಾನು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ಅಳೆಯದೆ ಬಾಯಿ ಬಿಡುವ ಹಾಗಿರಲಿಲ್ಲ. ಆಗ ಬರುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ. ನಾಲ್ಕೂ ಚಕ್ರಕ್ಕೆ ಡ್ರಮ್. ಗೆರೆ ಬಿದ್ದ ಡ್ರಮ್ಮನ್ನು ಜಾಲಹಳ್ಳಿಯ ಎಚ್‌ಎಂಟಿ ಲೇತಿಗೆ ಕಟ್ಟಿ ಒಂದು ಕಟ್ ತೆಗೆಯುವುದು, ಶೂಗೆ ಹೊಸ ಲೈನಿಂಗ್ ಇಟ್ಟು ರಿವೆಟ್ ಹೊಡೆಯುವುದು, ಅಂಚನ್ನು ಅರದಿಂದ ತೀಡುವುದು. ಬಿಸಿ ಬೀಡಿನ ಪುಡಿ, ತೀಡಿದ ಲೈನಿಂಗು, ಎರಡರ ವಾಸನೆಯೂ ಅಂಗಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಈಗಲೂ ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕಾದರೆ ನನಗೆ ಆ ಶೆಡ್ಡೇ ನೆನಪಾಗುತ್ತದೆ.

1983ರ ಕೊನೆಗೆ ಮಾರುತಿ 800 ಬಂತು. ಆ ಕಾರುಗಳು ಹಳೆಯದಾಗಿ ನಮ್ಮ ಕಡೆ ಬರತೊಡಗಿದಾಗ ಶೆಡ್ಡಿನ ಮೇಸ್ತ್ರಿ ಅವಕ್ಕೆ ಡಿಸ್ಕ್ ಕೊಳ್ಳಲು ನನ್ನನ್ನೂ ಜೆ.ಸಿ. ರಸ್ತೆಗೆ ಕರೆದೊಯ್ಯುತ್ತಿದ್ದರು. ಅಂಗಡಿಯವನು ರೇಟು ಹೇಳುವ ಮೊದಲೇ ಜೇಬಿನಿಂದ ವರ್ನಿಯರ್ ತೆಗೆಯುವರು. ಡಿಸ್ಕನ್ನು ಬೆರಳಿಗೆ ತೂಗುಹಾಕಿ ಸ್ಪ್ಯಾನರಿನಿಂದ ತಟ್ಟುವರು. ಠಣ್ ಅಂದರೆ ಸರಿ, ಮಂಕಾಗಿ ಸದ್ದಾದರೆ ಒಳಗೆ ಬಿರುಕಿರಬಹುದು ಅಂತ ಪಕ್ಕಕ್ಕೆ. "ತಗೊಳೋದು ಎರಡು, ಬಿಚ್ಚಿಸೋದು ಹತ್ತು ಡಬ್ಬ!" ಅಂತ ಅಂಗಡಿಯವನು ಸಿಡುಕಿದರೆ, "ರೇಟು ನೀವು ಹೇಳಿದ್ದೇ ಆಗ್ಲಿ ಸಾರ್, ಜೋಡಿ ನಾನು ಆರಿಸ್ತೀನಿ" ಅನ್ನುವರು. ಅವರು ದುಡ್ಡಿಗೆ ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ.

ಹಬ್‌ನ ಮುಖಕ್ಕೆ ಎಮರಿ ಪೇಪರ್ ಹಿಡಿಯದೆ ಡಿಸ್ಕ್ ಕೂರಿಸಲು ಬಿಡುತ್ತಿರಲಿಲ್ಲ. ಅಲ್ಲಿ ಒಂದು ಹರಳು ತುಕ್ಕು ಉಳಿದರೂ ಡಿಸ್ಕ್ ಓಲಾಡುತ್ತದೆ, ದಿನ ಕಳೆದ ಮೇಲೆ ಪೆಡಲ್ ನಡುಗುತ್ತದೆ. ಡಯಲ್ ಗೇಜಿನ ಮುಳ್ಳು 0.1 ಮಿಲಿಮೀಟರ್ ದಾಟಿದರೆ ಬಿಚ್ಚಿ, ಒಂದು ತೂತಿನಷ್ಟು ತಿರುಗಿಸಿ, ಮತ್ತೆ ಕೂರಿಸಬೇಕು. ಗಿರಾಕಿ ಗಡಿಯಾರ ನೋಡುತ್ತಿದ್ದರೂ ಅಷ್ಟೇ.

ಈಗಿನ ಹಲವು ಡಿಸ್ಕುಗಳಲ್ಲಿ ಲೇತಿಗೆ ಕೊಡುವಷ್ಟು ದಪ್ಪವೇ ಇರುವುದಿಲ್ಲ. ಎಷ್ಟೋ ಸಲ ಬದಲಾಯಿಸುವುದೇ ಸರಿ. ನಾವೂ ಗಿರಾಕಿಯ ಬಡತನ ನೋಡಿ, ತೆಗೆಯಬಾರದಷ್ಟು ತೆಗೆದ ಡ್ರಮ್ಮುಗಳುಂಟು. ಆದರೆ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೇ ಅಚ್ಚು ಹಾಕಿರುವಾಗ ಅದನ್ನು ಓದುವ ವ್ಯವಧಾನವೂ ಇಲ್ಲವೇ? ತುಕ್ಕಿನ ಮೇಲೇ ಹೊಸ ಡಿಸ್ಕ್ ಕೂರಿಸಿ, ಏರ್ ಗನ್ನಿನಲ್ಲಿ ನಟ್ಟು ಬಿಗಿದು ಬಿಲ್ಲು ಕೊಟ್ಟರೆ ಅದು ರಿಪೇರಿಯಲ್ಲ, ಬರೀ ಮಾರಾಟ.

ನಾನು ಪ್ರೀತಿಸುವ ಆ ವಾಸನೆಯ ವಿಷಯವನ್ನೂ ಹೇಳಬೇಕು. ಲೈನಿಂಗಿನಲ್ಲಿದ್ದದ್ದು ಆಸ್ಬೆಸ್ಟಾಸ್, ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ. ಡ್ರಮ್ ಬಿಚ್ಚಿದೊಡನೆ ಏರ್ ಹೊಡೆದು ಆ ಧೂಳನ್ನು ಶೆಡ್ಡಿಗೆಲ್ಲ ಎಬ್ಬಿಸುತ್ತಿದ್ದೆವು. ಶೂ ತೀಡಲು ಕೂರುತ್ತಿದ್ದವರು ನಮ್ಮಲ್ಲೇ ಚಿಕ್ಕ ಹುಡುಗರು. ಪ್ರತಿಯೊಂದಕ್ಕೂ ಗೇಜ್ ಹಿಡಿಯುತ್ತಿದ್ದ ಆ ಶೆಡ್ಡಿನಲ್ಲಿ ಮೂಗಿಗೆ ಒಂದು ಬಟ್ಟೆ ಕಟ್ಟಿಕೊಳ್ಳಿ ಅಂತ ಹೇಳುವವರು ಯಾರೂ ಇರಲಿಲ್ಲ.