ಕಹಳೆ ಬಂಡೆಯ ಮೇಲೆ ಒಂದು ಉಸಿರು

ಬೆಳಗಿನ ಆರು ಗಂಟೆ. ರಾತ್ರಿ ಸುರಿದ ಮಳೆ ಬಸವನಗುಡಿಯ ಕಹಳೆ ಬಂಡೆಯ ಮೈಮೇಲೆ ಇನ್ನೂ ಸಣ್ಣಗೆ ಇಳಿಯುತ್ತಿದೆ. ಚಪ್ಪಲಿ ಕೆಳಗೇ ಬಿಟ್ಟು ಬರಿಗಾಲಲ್ಲಿ ಹತ್ತುತ್ತಿದ್ದೀರಿ. ಕಲ್ಲಿನ ತಣ್ಪು ಪಾದದಿಂದ ಮೀನಖಂಡಕ್ಕೆ ಏರುತ್ತಿದೆ. ತಲೆಯ ಮೇಲೆ ಬಾವಲಿಗಳು ಕಿಚಿಗುಟ್ಟುತ್ತಾ ಕೊಂಬೆಗೆ ಮರಳುತ್ತಿವೆ. ಅವುಗಳ ಘಾಟು ಒದ್ದೆ ಎಲೆಯ ವಾಸನೆಯೊಡನೆ ಬೆರೆತಿದೆ.

ಬಲಗಡೆ ಒಣಕಲ್ಲು, ಆದರೆ ಸುತ್ತುದಾರಿ. ಎಡಗಡೆ ಹತ್ತಿರ, ಅಲ್ಲಿ ಕಲ್ಲು ಹಸಿರುಗಪ್ಪಾಗಿ ಮಿನುಗುತ್ತಿದೆ. ಎಡಕ್ಕೇ ಕಾಲಿಡುತ್ತೀರಿ.

ಹಿಮ್ಮಡಿ ಜಾರುತ್ತದೆ. ಮೊಣಕಾಲು ಬಡಿಯುತ್ತದೆ. ಹಿಡಿಯಲು ಏನೂ ಇಲ್ಲ. ಅಂಗೈ ಊರಿ, ಉಗುರು ಕಚ್ಚಿಸಿ, ಹೇಗೋ ನಿಲ್ಲುತ್ತೀರಿ. ಎದೆ ಡವಗುಟ್ಟುತ್ತಿದೆ. ಬಾಯಿ ತೆರೆದು ಗಾಳಿ ಎಳೆಯುತ್ತೀರಿ, ಮತ್ತೆ ಎಳೆಯುತ್ತೀರಿ.

ಆ ಗಾಳಿಯ ಐದರಲ್ಲೊಂದು ಪಾಲು ಆಮ್ಲಜನಕ. ಅದನ್ನು ಭೂಮಿಗೆ ಮೊದಲು ತಂದವರ ವಂಶ ನಿಮ್ಮ ಅಂಗೈ ಕೆಳಗೇ ಇದೆ. ಕಲ್ಲಿಗಂಟಿದ ಈ ಲೋಳೆಯಲ್ಲಿ ಬದುಕುವ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯಾ. ಮೂಸಿ ನೋಡಿ, ಮಳೆ ಬಿದ್ದ ಮಣ್ಣಿನದೇ ವಾಸನೆ.

ಕೈ ಎತ್ತಬೇಡಿ. ಹಾಗೆಯೇ 260 ಕೋಟಿ ವರ್ಷ ಹಿಂದಕ್ಕೆ ಬನ್ನಿ. ಈ ಬಂಡೆಯ ಕಲ್ಲು ಆಗಲೇ ಹುಟ್ಟಿದೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆದರೆ ಅದಿನ್ನೂ ನೆಲದಾಳದಲ್ಲಿದೆ. ನೀವು ನಿಂತಿರುವುದು ಇಂದಿನ ಚಿತ್ರದುರ್ಗದ ಕಡೆ, ಆಳವಿಲ್ಲದ ಕಡಲಲ್ಲಿ. ಹಕ್ಕಿಯಿಲ್ಲ, ಹುಲ್ಲಿಲ್ಲ. ಅಲೆಯ ಸದ್ದೊಂದೇ. ಉಸಿರೆಳೆಯುತ್ತೀರಿ. ಎದೆ ತುಂಬುತ್ತದೆ, ರಕ್ತಕ್ಕೆ ಏನೂ ಸಿಗುವುದಿಲ್ಲ. ಇನ್ನೊಮ್ಮೆ ಎಳೆಯುವುದೋ, ಬಿಗಿಹಿಡಿಯುವುದೋ? ಎಳೆದಷ್ಟೂ ರಕ್ತದಲ್ಲಿ ಉಳಿದದ್ದೂ ಹೊರಗೆ ಸೋರುತ್ತದೆ. ಕಣ್ಣಂಚು ಕಪ್ಪಾಗುತ್ತದೆ. ಬೆರಳು ಜುಮುಗುಟ್ಟುತ್ತದೆ. ಹತ್ತು ಸೆಕೆಂಡು, ಹೆಚ್ಚೆಂದರೆ ಹದಿನೈದು. ಅಷ್ಟೇ ನಿಮಗಿರುವ ಎಚ್ಚರ.

ಬೀಳುವ ಮುನ್ನ ಕಾಲಬಳಿ ನೋಡಿ: ಸಯನೋಬ್ಯಾಕ್ಟೀರಿಯಾ ಕಟ್ಟಿದ, ಪದರಪದರವಾಗಿ ಉಬ್ಬಿದ ಲೋಳೆಯ ದಿಬ್ಬಗಳು. ಚಿತ್ರದುರ್ಗ ಸೀಮೆಯ ಸುಣ್ಣಕಲ್ಲಿನಲ್ಲಿ ಇಂದಿಗೂ ಅವುಗಳ ಗುರುತಿದೆ. ಇವಕ್ಕಿಂತ ಹಳೆಯ ಬ್ಯಾಕ್ಟೀರಿಯಾಗಳೂ ಬಿಸಿಲನ್ನೇ ಉಂಡವು. ಆದರೆ ಬೇಕಾದ ಎಲೆಕ್ಟ್ರಾನುಗಳನ್ನು ಗಂಧಕದ ಅನಿಲದಿಂದಲೋ ನೀರಲ್ಲಿ ಕರಗಿದ ಕಬ್ಬಿಣದಿಂದಲೋ ಪಡೆದವು. ಆ ಎರಡೂ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತವೆ. ನೀರು ಬಿಟ್ಟುಕೊಡುವುದಿಲ್ಲ. ಸಯನೋಬ್ಯಾಕ್ಟೀರಿಯಾ ಎರಡು ಬಗೆಯ ಬೆಳಕಿನ ಯಂತ್ರಗಳನ್ನು ಒಂದೇ ಜೀವಕೋಶದಲ್ಲಿ ಜೋಡಿಸಿಕೊಂಡು ನೀರಿಗೇ ಕೈಹಾಕಿತು. ಜೀವದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಹಸ ನನಗೆ ಕಾಣುವುದಿಲ್ಲ.

ಬೆಳಕು ತಗಲುತ್ತದೆ, ಪತ್ರಹರಿತ್ತಿನಿಂದ ಒಂದು ಎಲೆಕ್ಟ್ರಾನ್ ಹಾರುತ್ತದೆ. ಆ ತೆರವನ್ನು ತುಂಬಲು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಸೇರಿದ ಪುಟ್ಟ ಗೊಂಚಲು ತನ್ನದೊಂದನ್ನು ಕೊಡುತ್ತದೆ. ಮತ್ತೆ ಬೆಳಕು. ಮತ್ತೆ. ಮತ್ತೆ. ನಾಲ್ಕನೆಯದಕ್ಕೆ ಗೊಂಚಲು ಸಾಲ ತೀರಿಸಲೇಬೇಕು: ನೀರಿನ ಎರಡು ಅಣುಗಳು ಸೀಳುತ್ತವೆ, ಜೋಡಿ ಆಮ್ಲಜನಕ ಹೊರಬೀಳುತ್ತದೆ. ಇಂಗಾಲದ ಡೈಆಕ್ಸೈಡೇ ಒಡೆದು ಆಮ್ಲಜನಕವಾಗುತ್ತದೆಂದು ನಮ್ಮಲ್ಲಿ ಎಷ್ಟೋ ಜನ ನಂಬಿದ್ದೇವೆ. 1941ರಲ್ಲಿ ವಿಜ್ಞಾನಿಗಳಾದ ರೂಬೆನ್ ಮತ್ತು ಕಾಮೆನ್ ಅವರ ತಂಡ ಭಾರದ ಆಮ್ಲಜನಕವಿದ್ದ ನೀರನ್ನು ಪಾಚಿಗೆ ಕೊಟ್ಟು, ಹೊರಬರುವುದು ನೀರಿನದೇ ಎಂದು ತೋರಿಸಿತು.

ಮೊದಮೊದಲ ಆಮ್ಲಜನಕವನ್ನು ಕಡಲ ಕಬ್ಬಿಣವೇ ನುಂಗಿತು. ಹಾಗೆ ಕಡಲಲ್ಲಿ ತಳ ಸೇರಿದ ಕಬ್ಬಿಣದ ಪದರಗಳು ಸಂಡೂರಿನ ಬೆಟ್ಟಗಳಲ್ಲಿ ಕೆಂಪಗೆ ಕೂತಿವೆ. ಸುಮಾರು 240 ಕೋಟಿ ವರ್ಷದ ಹಿಂದೆ ಆಮ್ಲಜನಕ ಗಾಳಿಯಲ್ಲಿ ಉಳಿಯತೊಡಗಿತು. ಅದಿಲ್ಲದೆ ಬದುಕಿದ್ದ ಜೀವಿಗಳಿಗೆ ವಿಷವಾಯಿತು. ಎಷ್ಟೋ ಕಾಲದ ಮೇಲೆ ಒಂದು ಜೀವಕೋಶ ಸಯನೋಬ್ಯಾಕ್ಟೀರಿಯಾವನ್ನು ನುಂಗಿ, ಅರಗಿಸದೆ, ಒಳಗೇ ಇಟ್ಟುಕೊಂಡಿತು. ನಿಮ್ಮ ತಲೆಯ ಮೇಲಿನ ಪ್ರತಿ ಎಲೆಯ ಹಸಿರೂ ಅದರ ಪೀಳಿಗೆಯದು.

ಕಣ್ಣು ತೆರೆಯಿರಿ. ಉಸಿರು ಬಂತು. ದೊಡ್ಡ ಗಣಪತಿ ಗುಡಿಯ ಗಂಟೆ ಕೇಳುತ್ತಿದೆ. ರಾತ್ರಿಯಿಡೀ ನಮ್ಮಂತೆಯೇ ಆಮ್ಲಜನಕ ಬಳಸಿದ ಮರಗಳ ನೆತ್ತಿಗೆ ಬಿಸಿಲು ಬಿದ್ದಿದೆ. ಈಗ ಇಳಿದು ನಿಮ್ಮ ಕೈಗೂ ತಾಕುತ್ತದೆ. ಅಂಗೈಗೆ ಮೆತ್ತಿದ ಪಾಚಿಯಲ್ಲಿ ನೀರು ಒಡೆಯತೊಡಗಿದೆ.