ಅಜ್ಜಿಯನ್ನು ಯಾರೂ ಕೇಳುವುದಿಲ್ಲ

ಬಾಣಂತಿಯ ಮನಸ್ಸು ಹೇಗಿದೆಯೆಂದು ತಿಳಿಯಲು ವೈದ್ಯರ ಬಳಿ ಒಂದು ಪ್ರಶ್ನಾವಳಿ ಇದೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಹೆಸರಿನದು, 1987ರಲ್ಲಿ ಪ್ರಕಟವಾದದ್ದು. ಬಂಗಾಳಿಯಲ್ಲೂ ಕನ್ನಡದಲ್ಲೂ ಸಿಗುತ್ತದೆ. ಹತ್ತೇ ಪ್ರಶ್ನೆ. ನಗು ಬರುತ್ತಿದೆಯೇ, ಸುಮ್ಮಸುಮ್ಮನೆ ಹೆದರಿಕೆಯಾಗುತ್ತಿದೆಯೇ, ನಿದ್ದೆ ಹೇಗಿದೆ. ಕೊನೆಯದು, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು. ಒಳ್ಳೆಯ ಪ್ರಶ್ನೆಗಳು. ಜೀವ ಉಳಿಸುವ ಪ್ರಶ್ನೆಗಳು. ಆದರೆ ಎಲ್ಲವೂ ಕಳೆದ ಏಳು ದಿನಗಳದ್ದು.

ಎಡಿಎಚ್‌ಡಿ ಹಾಗಲ್ಲ. ಗಮನ ನಿಲ್ಲದ, ಹೊತ್ತಿನ ಅಂದಾಜು ಸಿಗದ, ಹಿಡಿದ ಕೆಲಸ ಅರ್ಧಕ್ಕೇ ಉಳಿಯುವ ಈ ಸ್ಥಿತಿಯನ್ನು ಗುರುತಿಸಬೇಕಾದರೆ, ಅಮೆರಿಕದ ಮನೋವೈದ್ಯರು 2013ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ, ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಂಡಿರಬೇಕು. ಅಲ್ಲಿ ಒಂದು ವಾರ ಸಾಕು, ಇಲ್ಲಿ ಇಡೀ ಬಾಲ್ಯ ಬೇಕು. ಹಸಿ ಬಾಣಂತಿಯ ಬಾಲ್ಯವನ್ನು ಯಾರು ಕೇಳುತ್ತಾರೆ?

ಕೋಲ್ಕತ್ತಾದ ಲೇಕ್ ಮಾರ್ಕೆಟ್. ದಕ್ಷಿಣದ ಸಾಮಾನಿನ ಅಂಗಡಿಯ ಮುಂದೆ ಕನ್ನಡ ಕಿವಿಗೆ ಬಿತ್ತು. ದಾವಣಗೆರೆ ಕಡೆಯ ಅಜ್ಜಿಯೊಬ್ಬರು, ಮಗಳ ಬಾಣಂತನಕ್ಕೆಂದು ಇಲ್ಲಿಗೆ ಬಂದಿದ್ದಾರೆ. ಅಂಟಿನುಂಡೆಗೆ ಅಂಟು, ಉತ್ತುತ್ತಿ, ಒಣಕೊಬ್ಬರಿ ಹುಡುಕುತ್ತಿದ್ದರು. ಕೂಸು ಗುಂಡಗಿದೆಯಂತೆ. ಚಿಂತೆಯೆಲ್ಲ ಮಗಳದ್ದು. ಮಗು ಅತ್ತಿತೆಂದು ಎದ್ದವಳು ದಾರಿಯಲ್ಲಿ ಬಟ್ಟೆ ಕಂಡರೆ ಮಡಚುತ್ತ ಕೂರುತ್ತಾಳೆ. ಹಾಲು ಕುಡಿಸಿದ್ದು ಎಷ್ಟು ಹೊತ್ತಿಗೆ, ಯಾವ ಕಡೆಗೆ ಎಂಬುದು ನೆನಪಿರುವುದಿಲ್ಲ. ಲಸಿಕೆಯ ದಿನ ತಪ್ಪಿತು. ಆಮೇಲೆ ‘ನಾನು ತಾಯಿಯಾಗೋಕೆ ಲಾಯಕ್ಕಿಲ್ಲ’ ಎಂದು ಅಳುತ್ತಾಳೆ.

“ಚಿಕ್ಕೋಳಿದ್ದಾಗಿಂದ್ಲೂ ಹಿಂಗೇ ಕಣಮ್ಮ, ಮರೆಗುಳಿ. ಕಂಪಾಸ್ ಬಾಕ್ಸು ಎಷ್ಟು ಕಳ್ಕೊಂಡಿದಾಳೋ ಲೆಕ್ಕಾನೇ ಇಲ್ಲ. ಮದ್ವೆ ಆದ್ರೆ ಸರಿಹೋಗುತ್ತೆ ಅಂದ್ಕೊಂಡ್ವಿ.”

ಇದನ್ನು ಡಾಕ್ಟರಿಗೆ ಹೇಳಿದಿರಾ ಎಂದೆ.

“ಅವರು ಕೇಳ್ಲಿಲ್ವಲ್ಲ.”

ಅಂದಿನಿಂದ ಈ ಮಾತು ತಲೆಯಿಂದ ಹೋಗಿಲ್ಲ. ಮಗಳ ಹನ್ನೆರಡು ವರ್ಷದೊಳಗಿನ ಬದುಕಿಗೆ ಸಾಕ್ಷಿಯಾದವರು ಮೊಮ್ಮಗುವನ್ನೆತ್ತಿಕೊಂಡು ಅದೇ ಕೋಣೆಯಲ್ಲಿ ಕೂತಿರುತ್ತಾರೆ. ಅವರನ್ನು ಕೇಳುವುದು ಬಿಸಿನೀರು, ಬೆಳ್ಳುಳ್ಳಿ, ಪಥ್ಯದ ಬಗ್ಗೆ ಮಾತ್ರ.

ಕೇಳದಿರುವುದು ಸಣ್ಣ ವಿಷಯವಲ್ಲ. ಸ್ವೀಡನ್‌ನಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ದಾಖಲೆಗಳನ್ನು ನೋಡಿ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲೇ ಎಡಿಎಚ್‌ಡಿ ಗುರುತಾಗಿದ್ದವರಲ್ಲಿ ಹೆರಿಗೆಯ ನಂತರದ ವರ್ಷ 100ಕ್ಕೆ ಸುಮಾರು 17 ಮಂದಿಗೆ ಖಿನ್ನತೆ; ಉಳಿದವರಲ್ಲಿ 3. ಆತಂಕದ ಕಾಯಿಲೆ ಎಡಿಎಚ್‌ಡಿಯವರಲ್ಲಿ 25, ಉಳಿದವರಲ್ಲಿ 5ಕ್ಕೂ ಕಡಿಮೆ. ಇದು ಗುರುತಾದವರ ಲೆಕ್ಕ. ನಮ್ಮಲ್ಲಿ ‘ಮರೆಗುಳಿ’, ‘ಉಡಾಫೆ’, ‘ಚೆಲ್ಲು’ ಎಂದು ಕರೆಸಿಕೊಂಡೇ ಬೆಳೆದ ಹುಡುಗಿಯರು ಯಾವ ಲೆಕ್ಕದಲ್ಲೂ ಇಲ್ಲ.

ಹೆರಿಗೆಯಾದ ಕೆಲವೇ ದಿನಗಳಲ್ಲಿ ಈಸ್ಟ್ರೋಜನ್ ಧಡಾರನೆ ಇಳಿಯುತ್ತದೆ. ಮಿದುಳಿನ ಡೋಪಮೈನಿಗೂ ಅದಕ್ಕೂ ನಂಟಿದೆ. ಮೇಲೆ ನಿದ್ದೆಗೇಡು. ಮೊದಲೇ ನಿಲ್ಲದ ಗಮನ ಇನ್ನಷ್ಟು ಚದುರಬಹುದು.

ಇನ್ನು ಎಡಿಎಚ್‌ಡಿ ಮಾತ್ರೆಯ ವಿಷಯ. ಗರ್ಭ ನಿಂತದ್ದು ಗೊತ್ತಾದ ದಿನವೇ ಯಾರನ್ನೂ ಕೇಳದೆ ನಿಲ್ಲಿಸುವವರಿದ್ದಾರೆ. ಅಂಥ ಮಾತ್ರೆಗಳಲ್ಲೊಂದಾದ ಮೀಥೈಲ್‌ಫೆನಿಡೇಟ್ ಬಗ್ಗೆ 2018ರ ದೊಡ್ಡ ಅಧ್ಯಯನವೊಂದರ ಅಂದಾಜು: ಮೊದಲ ಮೂರು ತಿಂಗಳಲ್ಲಿ ತೆಗೆದುಕೊಂಡ 1,000 ಮಂದಿಯಲ್ಲಿ ಹೃದಯದ ದೋಷವಿರುವ ಸುಮಾರು 3 ಶಿಶುಗಳು ಹೆಚ್ಚು. ಸಣ್ಣ ಅಪಾಯ, ಇಲ್ಲವೆನ್ನಲಾಗದು. ಬಿಟ್ಟರೂ ಅಪಾಯವಿದೆ. ಎರಡನ್ನೂ ತೂಗಿನೋಡುವ ಮಾತುಕತೆ ಬಸುರಿಗೆ ಮುಂಚೆಯೇ ವೈದ್ಯರೊಡನೆ ಆಗಬೇಕು.

ಇದೇ ಕೋಲ್ಕತ್ತಾದಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು. 1933ರಲ್ಲಿ ಕಾರ್ಮೈಕಲ್ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಇಂದಿನ ಆರ್.ಜಿ. ಕರ್‌ನಲ್ಲಿ, ದೇಶದಲ್ಲೇ ಮೊದಲ ಬಾರಿಗೆ ಸಾಮಾನ್ಯ ಆಸ್ಪತ್ರೆಯೊಳಗೆ ಮನೋರೋಗಿಗಳಿಗೆ ಬಾಗಿಲು ತೆರೆಯಿತು. ಸಕ್ಕರೆ, ಬಿಪಿ, ಮನಸ್ಸು ಎಲ್ಲ ಒಂದೇ ಸೂರಿನಡಿ. ಹಾಗಿದ್ದೂ ಬಸುರಿಗೆ ಒಂದು ‘ಔಟ್‌ಡೋರ್’ (ಹೊರರೋಗಿ ವಿಭಾಗ), ಮನಸ್ಸಿಗೆ ಇನ್ನೊಂದು. ಒಂದೊಂದಕ್ಕೂ ಬೇರೆ ಟಿಕೆಟ್. ಮನೆಗಳಲ್ಲೂ ಹಾಗೆಯೇ. ಪಕ್ಕದ ಮನೆಯ ಬಂಗಾಳಿ ಅತ್ತೆ ಸೊಸೆಯ ‘ಶಾಧ್’ಗೆ, ಅಂದರೆ ಸೀಮಂತಕ್ಕೆ, ಪಾಯೇಶ್, ಮೀನು, ಐದು ಬಗೆಯ ಕರಿದ ತಿಂಡಿ ಮಾಡಿ ಬಡಿಸಿದರು, ಮನಸಾರೆ. ಮನೋವೈದ್ಯರ ಹೆಸರೆತ್ತಿದರೆ ಅವರೇ ‘ನಮ್ಮ ಹುಡುಗಿಗೆ ಹುಚ್ಚೇ?’ ಎನ್ನುತ್ತಾರೆ.

ಬೇರೆ ದಾರಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕವಿದೆ. ಕೂಸಿನ ಜೊತೆಗೇ ತಾಯಿ ದಾಖಲಾಗುತ್ತಾಳೆ, ಮನೆಯವರೊಬ್ಬರು ಜೊತೆಗಿರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದೆನ್ನುತ್ತದೆ. ತಾಯಿ, ಕೂಸು, ಅಜ್ಜಿ ಮೂವರೂ ಒಂದೇ ಕಡೆ ಇದ್ದರೆ ಅಜ್ಜಿಯ ಮಾತು ವೈದ್ಯರ ಕಿವಿಗೆ ಬೀಳಲೇಬೇಕು.

ಇನ್ನೊಂದು ಗಮನಿಸಿದ್ದು: ಬಾಣಂತನ ನಡೆಯುವಷ್ಟು ದಿನ ಗಡಿಯಾರ ಅಮ್ಮನದು. ಊಟ, ಎಣ್ಣೆ-ನೀರು, ಮಗುವಿನ ನಿದ್ದೆ ಎಲ್ಲ ಅವರ ಕೈಯಲ್ಲಿ. ಹೌರಾ ನಿಲ್ದಾಣದಲ್ಲಿ ಅವರನ್ನು ರೈಲು ಹತ್ತಿಸಿ ಬಂದ ಮರುದಿನದಿಂದ ಅದಷ್ಟೂ ಮಗಳ ತಲೆಯ ಮೇಲೆ. ಮುಂದಿನ ತಪಾಸಣೆಗೆ ಅಮ್ಮ ಇರುವುದಿಲ್ಲ.

ದಾವಣಗೆರೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಊರಲ್ಲಿರುವ ಮಗನಿಗೆ ಫೋನು ಮಾಡಿ ಮಗಳ ಹಳೆಯ ಅಂಕಪಟ್ಟಿಗಳ ಫೋಟೊ ತರಿಸಿಕೊಂಡಿದ್ದಾರೆ. ಮೂರನೇ ತರಗತಿಯದರಲ್ಲಿ ಮೇಷ್ಟ್ರು ‘ಬುದ್ಧಿವಂತೆ, ಗಮನ ಸಾಲದು’ ಎಂದು ಬರೆದಿದ್ದಾರೆ. ಅದನ್ನು ಹಿಡಿದುಕೊಂಡು ಮಗಳ ಜೊತೆ ಮನೋವೈದ್ಯರಲ್ಲಿಗೆ ತಾವೂ ಹೋಗುತ್ತಾರಂತೆ. ವಾಪಸು ಟಿಕೆಟ್ ರದ್ದು ಮಾಡಿಸಿದ್ದಾರೆ.